ಬಲಗಡೆ ಪಿಸ್ತೂಲಿನವನು ನಮ್ಮವನು

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಹಾಲಿವುಡ್ಡಿನ ಸಿನಿಮಾದಿಂದ ಕರ್ನಾಟಕವನ್ನು ಒಂದುಗೂಡಿಸಬಹುದು ಎಂದು ಕಂಡುಹಿಡಿದವನು ನಾನೇ. ಈ ಕೀರ್ತಿಯಲ್ಲಿ ಪಾಲು ಕೇಳಿಕೊಂಡು ಇದುವರೆಗೆ ಯಾರೂ ಬಂದಿಲ್ಲ. ಅಂದು ಮುಂಡರಗಿಯ ಡೇರೆಯಲ್ಲಿ ಏನಾಯಿತೆಂದು ಬಲ್ಲವರು ಮುಂದೆಯೂ ಬರಲಾರರು.

ಆಗ ನಾನು ಗದಗಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮಾಸ್ತರ. ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು, ಆದರೆ ಕನ್ನಡದವರು ಮಾತ್ರ ಐದು ಕಡೆ ಹಂಚಿಹೋಗಿದ್ದರು. ಗದಗು, ಮುಂಡರಗಿಯವರು ನಾವು ಮುಂಬಯಿ ಸರ್ಕಾರಕ್ಕೆ ಸೇರಿದವರು. ಮುಂಡರಗಿ ದಾಟಿ ಆ ಕಡೆ ಹೋದರೆ ಹೈದರಾಬಾದಿನವರು. ನನ್ನ ಹೆಂಡತಿ ಶಾರದೆಯ ತವರು ಕುಕನೂರು, ಅದು ಆ ಕಡೆಯದು. ನಡುವೆ ಒಂದು ಸುಂಕದ ನಾಕಾ. ಅಲ್ಲಿ ಸಿಪಾಯಿ ಕೂತು ಹೋಗಿಬರುವವರ ಗಂಟು ಬಿಚ್ಚಿಸುತ್ತಿದ್ದ. ನನ್ನ ಹೆಂಡತಿ ತನ್ನ ತಾಯಿಯನ್ನು ನೋಡಲು ಹೋಗಬೇಕಾದರೆ ಸರ್ಕಾರ ಬದಲಾಯಿಸಬೇಕಿತ್ತು!

ದಿಲ್ಲಿಯಿಂದ ಆಯೋಗದವರು ಬರುತ್ತಾರೆ, ಎಲ್ಲ ಕನ್ನಡ ಸೀಮೆಯನ್ನು ಒಂದು ಮಾಡಿರೆಂದು ಅವರಿಗೆ ಅರ್ಜಿ ಕೊಡಬೇಕು ಎಂದು ನಮ್ಮ ಊರಿನ ಸಮಿತಿ ತೀರ್ಮಾನಿಸಿತು. ಮುಂಡರಗಿಯ ಹೆಣ್ಣುಮಕ್ಕಳ ಸಹಿ ತರುವ ಜವಾಬ್ದಾರಿ ನನ್ನ ತಲೆಗೆ ಬಿತ್ತು. ಕಾರಣ, ಶಾರದೆಯ ಚಿಗವ್ವ, ಅಂದರೆ ಅವಳ ತಾಯಿಯ ತಂಗಿ ಗಂಗವ್ವನವರು ಇದ್ದದ್ದು ಅಲ್ಲಿ. ಅವರು ಏಳು ಎಂದರೆ ಓಣಿಯ ಹೆಂಗಸರೆಲ್ಲ ಏಳುತ್ತಿದ್ದರು, ಕೂಡ್ರು ಎಂದರೆ ಕೂಡ್ರುತ್ತಿದ್ದರು. ಆ ಸಹಿಗಳನ್ನು ತಂದರೆ ಆಯೋಗದ ಮುಂದೆ ಇಂಗ್ಲಿಷಿನಲ್ಲಿ ಅರ್ಜಿ ಓದುವ ಗೌರವ ನನ್ನದು. ತರದಿದ್ದರೆ ನನ್ನ ಬಾಲ್ಯದ ಗೆಳೆಯ, ವಕೀಲ ಬಿಂದಪ್ಪನದು. ನಾನು ಆಗಲೇ ಒಂದು ಹೊಸ ಕೋಟು ಹೊಲಿಸಿಬಿಟ್ಟಿದ್ದೆ. ಕನ್ನಡಿಯ ಮುಂದೆ ನಿಂತು ಆಯೋಗಕ್ಕೆ ಎಷ್ಟು ಬಾಗಿ ನಮಸ್ಕರಿಸಬೇಕೆಂಬುದನ್ನೂ ರೂಢಿ ಮಾಡಿಕೊಂಡಿದ್ದೆ.

ಮುಂಡರಗಿಗೆ ಹೋಗಿ ಗಂಗವ್ವನವರ ಪಡಸಾಲೆಯಲ್ಲಿ ನಿಂತು ಕದಂಬರಿಂದ ಆರಂಭಿಸಿ ಎರಡು ತಾಸು ಭಾಷಣ ಮಾಡಿದೆ. ಇಪ್ಪತ್ತು ಹೆಂಗಸರು ಮೊರ ಹಿಡಿದು ಕೂತು ಕೇಳಿದರು. ಭಾಷಣ ಮುಗಿಯುವಷ್ಟರಲ್ಲಿ ಅರ್ಧ ಚೀಲ ಜೋಳ ಹಸನಾಗಿತ್ತು. ಸಹಿ ಮಾತ್ರ ಒಂದೂ ಆಗಲಿಲ್ಲ.

"ಅಳಿಯಂದ್ರ, ಚಹಾ ಕುಡೀರಿ, ಊಟ ಮಾಡ್ರಿ, ಬೇಕಾದ್ರ ಎಂಟ ದಿನ ಇರ್ರಿ," ಎಂದರು ಗಂಗವ್ವ. "ಆದ್ರ ಹೆಬ್ಬೆಟ್ಟ ಮಾತ್ರ ಕೇಳಬ್ಯಾಡ್ರಿ. ನಮ್ಮ ಮನಿಯವರು ಓದಿಸಿ ಕೇಳಲಾರದ ಒಂದ್ ಕಾಗದಕ್ಕ ಹೆಬ್ಬೆಟ್ಟ ಒತ್ತಿ ಹಳ್ಳದ ದಂಡಿ ಹೊಲಾ ಕಳಕೊಂಡ್ರು. ಅವತ್ತಿಂದ ತಿಳೀಲಾರದ ಕಾಗದಕ್ಕ ನಮ್ಮ ಓಣ್ಯಾಗ ಯಾರೂ ಬೆರಳ ಹಚ್ಚಂಗಿಲ್ಲ."

ಬರಿಗೈಯಲ್ಲಿ ಬಸ್ಸು ಹತ್ತಿ ಗದಗಿಗೆ ಬಂದೆ. ಬೇಸರ ಕಳೆಯಲೆಂದು ಥಿಯೇಟರಿಗೆ ಹೋದೆ. ಅಲ್ಲಿ ಒಂದು ಅಮೆರಿಕದ ಸಿನಿಮಾ ನಡೆದಿತ್ತು. ಅದೇ ಕುದುರೆ, ಅದೇ ಟೋಪಿ, ಅದೇ ಧೂಳು. ಒಂದು ದೊಡ್ಡ ಬಯಲು. ಒಬ್ಬ ದುಷ್ಟ ಜಮೀನ್ದಾರ ಬಯಲಿಗೆಲ್ಲ ಮುಳ್ಳುತಂತಿಯ ಬೇಲಿ ಬಿಗಿದು ತುಂಡು ತುಂಡು ಮಾಡುತ್ತಾನೆ. ಆಗ ಎಲ್ಲಿಂದಲೋ ಕುದುರೆ ಹತ್ತಿ ಬಂದ ನಾಯಕ ಬೇಲಿಯನ್ನೆಲ್ಲ ಕತ್ತರಿಸಿ ಬಯಲನ್ನು ಒಂದು ಮಾಡುತ್ತಾನೆ. ನಾನು ಕುರ್ಚಿಯಿಂದ ಜಿಗಿದೆದ್ದೆ. ಇದು ಏಕೀಕರಣವಲ್ಲದೆ ಮತ್ತೇನು! ಮರುದಿನ ಮತ್ತೆ ಹೋಗಿ ಬೇಲಿಯೊಳಗಿನ ತುಂಡುಗಳನ್ನು ಎಣಿಸಿದೆ. ಸರಿಯಾಗಿ ಐದು! ಆರನೆಯದೊಂದು ಮೂಲೆಯಲ್ಲಿ ಕಂಡಂತಾಯಿತು, ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಸಂಜೆ ಚಹಾದಂಗಡಿಯಲ್ಲಿ ಮಿರ್ಚಿ ಭಜಿ ತಿನ್ನುತ್ತ ಈ ಸಂಶೋಧನೆಯನ್ನು ಬಿಂದಪ್ಪನ ಮುಂದಿಟ್ಟೆ. ಅವನಿಗೆ ನಗುವಿನಿಂದ ಭಜಿ ನೆತ್ತಿಗೇರಿತು.

"ಲೇ ಗುರ್ಯಾ, ಹಾಲಿವುಡ್ಡಿನ ಸಿನಿಮಾದಾಗ ಎಲ್ಲಿ ರಾಜಕಾರಣಲೇ? ಕುದರಿ ಓಡತಾವ, ಪಿಸ್ತೂಲ ಹಾರತಾವ, ಕಡೀಕ ಒಬ್ಬಾಕಿನ್ನ ತಬ್ಬಿಕೊಳ್ಳತಾನ. ಮಂದಿ ಧೂಳ ಝಾಡಿಸಿಕೊಂಡ ಮನಿಗೆ ಹೋಗತಾರ. ಅಷ್ಟ!"

"ಅದು ಹೊರಗಿನ ಕಥಿ. ಒಳಗ ಅರ್ಥ ಇರತೈತಿ. ಬಿಡಿಸಿ ಹೇಳವರು ಬೇಕು."

"ನೀ ಬಿಡಿಸಿ ಹೇಳಿದ್ರ ಇದ್ದದ್ದೂ ಹೋಗತೈತಿ! ಆ ಸಿನಿಮಾದಿಂದ ಒಬ್ಬ ಹೆಣ್ಮಗಳು ಅರ್ಜಿಗೆ ಹೆಬ್ಬೆಟ್ಟ ಒತ್ತಿದ್ರ ನಾ ವಕೀಲಕಿ ಬಿಡತೇನಿ. ಒತ್ತಲಿಲ್ಲಂದ್ರ?"

"ನನ್ನ ಹೊಸ ಕೋಟ ನಿನಗ!" ಎಂದೆ. ಆ ಕ್ಷಣದಲ್ಲಿ ಅವನ ವಕೀಲಿಗಾಗಿ ನನಗೆ ನಿಜವಾಗಿಯೂ ಮರುಕವೆನಿಸಿತು.

ಮುಂಡರಗಿಯಲ್ಲಿ ಆಗ ಬೆಟಗೇರಿಯ ಇಮಾಮಸಾಬರ ಟೂರಿಂಗ್ ಟಾಕೀಸಿನ ಡೇರೆ ಇತ್ತು. ಆ ಸಿನಿಮಾ ತರಿಸಿ ಹಾಕಿರೆಂದು ಅವರನ್ನು ಹಿಡಿದೆ.

"ಮಾಸ್ತರ, ದೇವರ ಸಿನಿಮಾ ಹಾಕಿದ್ರ ಡೇರೆ ತುಂಬತೈತಿ. ಇಂಗ್ಲಿಷ್ ಸಿನಿಮಾ ಹಾಕಿದ್ರ ನಾನೂ ನೀವೂ ಇಬ್ಬರ ಕುಂತು ನೋಡಬೇಕಾಗತೈತಿ," ಎಂದರು ಅವರು.

"ಹೆಣ್ಮಕ್ಕಳಿಗೆ ಪುಕ್ಕಟೆ ಬಿಡ್ರಿ. ಅವರ ಟಿಕೀಟ ನಾ ಕೊಡತೇನಿ. ನಾನ ನಿಂತು ಕನ್ನಡದಾಗ ಕಥಿ ಹೇಳತೇನಿ."

ಇಮಾಮಸಾಬರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಆತ್ರಿ," ಎಂದರು ನಿಟ್ಟುಸಿರಿನೊಡನೆ.

ಒಂದೇ ಒಂದು ತೊಡಕಿತ್ತು. ಸಿನಿಮಾದಲ್ಲಿ ನಾಯಕನೂ ದುಷ್ಟನೂ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ತರಹದ ಟೋಪಿ. ನಮ್ಮ ಜನ ಯಾರು ಯಾರೆಂದು ಗುರುತಿಸುವುದು ಹೇಗೆ? ಎರಡು ದಿನ ತಲೆ ಕೆರೆದುಕೊಂಡ ಮೇಲೆ ಉಪಾಯ ಹೊಳೆಯಿತು. ನಾಯಕನ ಪಿಸ್ತೂಲು ಬಲಸೊಂಟದಲ್ಲಿ, ದುಷ್ಟನದು ಎಡಸೊಂಟದಲ್ಲಿ. ದುಷ್ಟ ಎಡಚ! ಬಲಗಡೆ ಪಿಸ್ತೂಲಿನವನು ನಮ್ಮವನು, ಎಡಗಡೆಯವನು ವೈರಿ. ಇಷ್ಟು ಸರಳವಾದ ಸೂತ್ರವನ್ನು ಎಳೆಯ ಮಗುವೂ ತಪ್ಪಲಾರದು. ಶಾರದೆಯನ್ನು ಕರೆದು ಹೇಳಿದೆ.

ಅವಳು ರೊಟ್ಟಿ ಬಡಿಯುತ್ತಿದ್ದಳು. "ರೀ, ಡೇರೆದಾಗ ಹೆಣ್ಮಕ್ಕಳು ಪರದೆ ಹಿಂದ ಕುಂಡ್ರತಾರ. ಒಂದ್ ಸಲ ನಮ್ಮ ಕಡೆ ಬಂದು ನೋಡ್ರಿ ಮೊದಲ," ಎಂದಳು.

"ಪರದೆ ಒಂದ, ಸಿನಿಮಾ ಒಂದ. ಮುಂದಿನಿಂದ ನೋಡಿದ್ರೇನು, ಹಿಂದಿನಿಂದ ನೋಡಿದ್ರೇನು!" ಎಂದು ನಕ್ಕುಬಿಟ್ಟೆ.

ಅವಳು ಮತ್ತೇನೋ ಹೇಳಲು ಬಾಯಿ ತೆರೆದಳು. ನಾನು ಆಗಲೇ ಕೋಟಿಗೆ ಇಸ್ತ್ರಿ ಮಾಡಲು ಎದ್ದುಹೋಗಿದ್ದೆ.

ರವಿವಾರ ಸಂಜೆಯ ಮೊದಲ ಆಟ. ಸೋಮವಾರ ಅರ್ಜಿ ಸಮಿತಿಯ ಕೈ ಸೇರಬೇಕು, ಅದೇ ಕಡೆಯ ದಿನ. ಡೇರೆಯ ನಡುವೆ ಬಿಳಿ ಬಟ್ಟೆಯ ಪರದೆ. ಈ ಕಡೆ ಗಂಡಸರು, ಆ ಕಡೆ ಹೆಂಗಸರು. ಬೆಳಕು ಬಟ್ಟೆಯನ್ನು ಹಾಯ್ದು ಹೋಗುವುದರಿಂದ ಇಬ್ಬರಿಗೂ ಚಿತ್ರ ಕಾಣುತ್ತಿತ್ತು. ಗಂಗವ್ವನವರ ಮುಂದಾಳುತನದಲ್ಲಿ ಓಣಿಯ ಹೆಂಗಸರೆಲ್ಲ ಶೇಂಗಾ ಕಟ್ಟಿಕೊಂಡು ಬಂದು ತುಂಬಿದ್ದರು. ಶಾರದೆಯೂ ಅವರೊಂದಿಗೆ ಕೂತಿದ್ದಳು. ನಾನು ಕೋಟು ಹಾಕಿಕೊಂಡು, ಇಮಾಮಸಾಬರು ಕೊಟ್ಟ ತಗಡಿನ ತುತ್ತೂರಿ ಹಿಡಿದು, ಗಂಡಸರ ಕಡೆ ಸ್ಟೂಲಿನ ಮೇಲೆ ನಿಂತೆ.

"ಮಹಾಜನರೇ! ಬಲಸೊಂಟಕ್ಕೆ ಪಿಸ್ತೂಲು ಕಟ್ಟಿದವನು ನಮ್ಮವನು! ಎಡಸೊಂಟದವನು ನಮ್ಮ ನಾಡನ್ನು ಒಡೆಯುವವನು!" ಎಂದು ಎರಡೂ ಕಡೆ ಕೇಳುವಂತೆ ಕೂಗಿದೆ. ಪರದೆಯ ಹಿಂದಿನಿಂದ "ಆತ್ರಿ!" ಎಂಬ ಉತ್ತರ ಬಂತು. ನನಗೆ ರೋಮಾಂಚನವಾಯಿತು.

ಆಟ ಶುರುವಾಯಿತು. ನಾಯಕ ಕುದುರೆ ಇಳಿದು ಲಾಯದವನಿಗೆ ಏನೋ ಹೇಳಿದ. ನಾನು ತುತ್ತೂರಿ ಎತ್ತಿ, "ಕನ್ನಡಿಗರೆಲ್ಲ ಒಂದಾಗಬೇಕು ಅಂತ ಹೇಳತಾನ!" ಎಂದೆ. ಅವನು ನಿಜವಾಗಿ ಹೇಳಿದ್ದು ಕುದುರೆಗೆ ನೀರು ಕುಡಿಸು ಎಂದು. ದೇಶಸೇವೆಯಲ್ಲಿ ಇಷ್ಟು ಸ್ವಾತಂತ್ರ್ಯ ನಡೆಯುತ್ತದೆ. ಹೋಟೆಲಿನ ಹುಡುಗಿಯನ್ನು ಅವನು ಹತ್ತಿರ ಎಳೆದುಕೊಂಡಾಗ, "ಇದು ಮುಂಬಯಿ ಕರ್ನಾಟಕವೂ ಹೈದರಾಬಾದ್ ಕರ್ನಾಟಕವೂ ಒಂದಾಗುವುದರ ಸಂಕೇತ!" ಎಂದು ಘೋಷಿಸಿದೆ. ಅಷ್ಟರಲ್ಲಿ ಇಮಾಮಸಾಬರು ಊರಿನ ಮರ್ಯಾದೆಗೆ ತಕ್ಕಂತೆ ಮಷಿನ್ನಿನ ಮುಂದೆ ಅಂಗೈ ಹಿಡಿದರು. ಎರಡೂ ಪ್ರಾಂತಗಳು ಕತ್ತಲಲ್ಲಿ ಒಂದಾದವು.

ಸ್ವಲ್ಪ ಹೊತ್ತಿಗೆ ವಿಚಿತ್ರವೊಂದು ಶುರುವಾಯಿತು. ನಾಯಕ ದುಷ್ಟನಿಗೆ ಏಟು ಕೊಟ್ಟರೆ ಗಂಡಸರು ಸಿಳ್ಳೆ ಹಾಕುತ್ತಿದ್ದರು, ಹೆಂಗಸರ ಕಡೆಯಿಂದ "ಅಯ್ಯ ಶಿವನ!" ಎಂಬ ಉದ್ಗಾರ ಬರುತ್ತಿತ್ತು. ದುಷ್ಟ ಬೇಲಿ ಬಿಗಿಸಿದಾಗ ಹೆಂಗಸರು ಚಪ್ಪಾಳೆ ತಟ್ಟಿದರು! ಹೆಣ್ಣು ಹೃದಯ ಮೃದು, ಆಳವಾಗಿ ತಟ್ಟಿದೆ, ಅದಕ್ಕೇ ಸ್ವಲ್ಪ ಗಲಿಬಿಲಿಗೊಂಡಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ. ಕಡೆಗೆ ದುಷ್ಟ ಗುಂಡು ತಿಂದು ಬಿದ್ದ. ಬೇಲಿಗಳು ಕಡಿದುಬಿದ್ದವು. ಪರದೆಯ ಹಿಂದಿನಿಂದ ಮುಸುಮುಸು ಅಳು ಕೇಳಿಸಿತು. ನನ್ನ ಕಣ್ಣುಗಳೂ ಒದ್ದೆಯಾದವು. ನಾಡಿಗಾಗಿ ಇಷ್ಟು ಹೆಂಗಸರು ಒಟ್ಟಿಗೆ ಅತ್ತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ!

ಅರ್ಜಿಯನ್ನೂ ಮಸಿಯ ಡಬ್ಬಿಯನ್ನೂ ಹಿಡಿದು ಪರದೆಯ ಹಿಂದಕ್ಕೆ ಓಡಿದೆ. ಗಂಗವ್ವನವರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

"ಎಂಥಾ ಮನಿಷ್ಯಾನ್ನ ಕೊಂದಬಿಟ್ರಲ್ರಿ ಅಳಿಯಂದ್ರ!" ಎಂದರು. "ತನ್ನ ಹೊಲಕ್ಕ ತಾ ಬೇಲಿ ಹಾಕಿಕೊಂಡಿದ್ದ, ಪಾಪ. ಆ ಎಡಚ ಎಲ್ಲಿಂದ ಬಂದ್ನೋ ಏನೋ, ಬೇಲಿ ಕಿತ್ತು ದನಾ ಬಿಟ್ಟ!"

"ಎಡಚ?" ಎಂದೆ.

"ಮತ್ತ? ನೀವ ಹೇಳಿದ್ರಲ್ಲ, ಎಡಕ್ಕ ಪಿಸ್ತೂಲಿದ್ದಾಂವ ವೈರಿ ಅಂತ. ಎಡಗೈಲೆ ರೊಟ್ಟಿ ತಿಂತಿದ್ದ ಹೊಲಸ ಮಗ! ಹಿರೇರಿಗೆ ಎಡಗೈಲೆ ಕೈ ಕೊಟ್ಟ!"

ನಾನು ತಲೆ ಎತ್ತಿ ಪರದೆ ನೋಡಿದೆ. ಇಮಾಮಸಾಬರು "ನಾಳೆ ದೇವರ ಸಿನಿಮಾ" ಎಂಬ ಸ್ಲೈಡು ಹಾಕಿದ್ದರು. ಅಕ್ಷರಗಳೆಲ್ಲ ಹಿಂದುಮುಂದಾಗಿ ನಿಂತಿದ್ದವು. ಪರದೆಯ ಹಿಂದಿನಿಂದ ನೋಡಿದರೆ ಬಲ ಎಡವಾಗುತ್ತದೆ! ಎಡ ಬಲವಾಗುತ್ತದೆ! ನನ್ನ ಸೂತ್ರದ ಪ್ರಕಾರವೇ, ಒಂದು ಕೂದಲೆಳೆಯೂ ತಪ್ಪದೆ, ಈ ತಾಯಂದಿರು ಎರಡು ತಾಸು ದುಷ್ಟನ ಪಕ್ಷ ವಹಿಸಿದ್ದರು. ಮೂಲೆಯಲ್ಲಿ ಕೂತ ಶಾರದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ತರ್ರಿ ಆ ಕಾಗದ," ಎಂದರು ಗಂಗವ್ವ ಸೆರಗು ಬಿಗಿಯುತ್ತ. "ಆ ಪುಣ್ಯಾತ್ಮನ ಬೇಲಿ ತಿರುಗಿ ಕಟ್ಟಸಾಕ ಅರ್ಜಿ ಹೌದಲ್ರಿ? ಈ ಸಿನಿಮಾದಿಂದ ತಿಳೀತು ನನಗ. ಇದಕ್ಕ ಹೆಬ್ಬೆಟ್ಟ ಒತ್ತಾಕ ನನ್ನದೇನೂ ತಕರಾರಿಲ್ಲ."

ಈಗ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಕೆಮ್ಮಿದೆ. ಕೋಟು ನೆನಪಾಯಿತು, ಆಯೋಗ ನೆನಪಾಯಿತು, ಬಿಂದಪ್ಪನ ನಗು ನೆನಪಾಯಿತು. ಮಸಿಯ ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟೆ! ಹೆಂಗಸರು ಸಾಲಾಗಿ ಬಂದರು. ಹೆಬ್ಬೆಟ್ಟಿನ ಮೇಲೆ ಹೆಬ್ಬೆಟ್ಟು ಬಿತ್ತು. ಒಂದು ಹಾಳೆ ತುಂಬಿ ಇನ್ನೊಂದಕ್ಕೆ ಬಂದಾಗ ಗಂಗವ್ವನವರ ಸರದಿ. ಅವರು ಬೆರಳನ್ನು ಮಸಿಗೆ ಅದ್ದಿ, ಕಾಗದದ ಮೇಲೆ ತಂದು, ಅಲ್ಲೇ ತಡೆದರು.

"ಒಂದ್ ಸಲ ಓದಿ ಹೇಳಿಬಿಡ್ರಿ ಅಳಿಯಂದ್ರ. ನಮ್ಮ ಮನಿಯವರ ಹಂಗ ಆಗಬಾರದು ನೋಡ್ರಿ."

ನಾನು ಸಾಧ್ಯವಾದಷ್ಟು ಗಡುಸು ಕನ್ನಡದಲ್ಲಿ, ಸಾಧ್ಯವಾದಷ್ಟು ವೇಗವಾಗಿ ಓದತೊಡಗಿದೆ. "ಪ್ರಾಂತಗಳ ಕೃತ್ರಿಮ ಸೀಮಾರೇಖೆಗಳನ್ನು ನಿರ್ಮೂಲಗೊಳಿಸಿ..."

"ಸಣ್ಣಾಗಿ ಹೇಳ್ರಿ."

"ನಡುವಿನ ಗಡಿ ತಗದು..."

"ಗಡಿ ಅಂದ್ರ ಬೇಲಿ?"

"... ಹೌದ್ರಿ."

"ಬೇಲಿ ಕೀಳೂದು?"

"ಹೌದ್ರಿ."

ಗಂಗವ್ವನವರ ಮಸಿ ಹತ್ತಿದ ಹೆಬ್ಬೆರಳು ನನ್ನ ಎದೆಯ ಕಡೆ ತಿರುಗಿತು. "ಹಂಗಾದ್ರ ನೀವು ಆ ಎಡಚನ ಮಂದಿ! ಇಷ್ಟ ಹೆಣ್ಮಕ್ಕಳ ಹೆಬ್ಬೆಟ್ಟ ಸುಮ್ನ ಕುಂತು ಒತ್ತಿಸಿಕೊಂಡ್ರಿ, ಬಾಯಿ ಬಿಡಲಿಲ್ಲ. ನಮ್ಮ ಹೊಲಾ ನುಂಗಿದಾಂವನೂ ಹಿಂಗ ಕೆಮ್ಮಿದ್ದ ನೋಡ್ರಿ, ನಿಮ್ಮ ಹಂಗ!"

ಆ ಮಾತು ನನಗೆ ಚುಚ್ಚಿತು. ತಮಾಷೆಯ ಮಾತಾಗಿರಲಿಲ್ಲ ಅದು. ನಾಚಿಕೆಯಿಂದ ತಲೆ ತಗ್ಗಿಸಿ ನಿಂತೆ. ಹೆಂಗಸರು ಹಾಳೆಗಳನ್ನು ಕಸಿದುಕೊಂಡರು. ಇನ್ನೇನು ಹರಿಯಬೇಕು, ಶಾರದೆ ಎದ್ದು ಬಂದಳು.

"ಚಿಗವ್ವ, ಹರಿಯೂದ್ಕಿಂತ ಮೊದಲ ಒಂದ್ ಮಾತ ಕೇಳು," ಎಂದಳು. "ಸಿನಿಮಾ ಸುಡುಗಾಡಿಗೆ ಹೋಗಲಿ. ಇವರ ಭಾಷಣಾನೂ ಹೋಗಲಿ."

ನಾನು ಸ್ವಲ್ಪ ಆಕ್ಷೇಪಿಸಬೇಕೆಂದಿದ್ದೆ. ಸಂದರ್ಭ ಅನುಕೂಲವಾಗಿರಲಿಲ್ಲ.

"ಹೋದ ವರ್ಷ ನಾ ಬಾಣಂತಿ ಇದ್ದಾಗ ನಮ್ಮವ್ವ ಕುಕನೂರಿಂದ ಅಂಟು, ಕೊಬ್ಬರಿ, ಬೆಲ್ಲ ಹಾಕಿ ಅಂಟಿನುಂಡಿ ಕಟ್ಟಿ ಕಳಿಸಿದ್ಲು. ಬೆನ್ನು ನೋವಿದ್ರೂ ಒಬ್ಬಾಕಿನ ಕುಂತು ಕಟ್ಟಿದ್ಲು. ನಾಕಾದಾಗ ಸಿಪಾಯಿ, ಒಳಗೇನರ ಮುಚ್ಚಿಟ್ಟಾರೇನೋ ಅಂತ ಒಂದೊಂದ ಉಂಡಿ ಒಡದು ನೋಡಿದ. ನನಗ ಮುಟ್ಟಿದ್ದು ಬರೇ ಪುಡಿ. ನಮ್ಮವ್ವನ ಕೈ ಅಚ್ಚು ಇದ್ದದ್ದು ಒಂದ್ ಉಂಡೀನೂ ಉಳೀಲಿಲ್ಲ. ಆ ಪುಡೀನ ಅಳಕೋತ ತಿಂದೆ ನಾ."

ಆ ಪುಡಿ ನನಗೆ ನೆನಪಿತ್ತು. "ಪುಡಿಯಾದ್ರ ತಿನ್ನಾಕ ಹಗರ!" ಎಂದು ಹಾಲಿಗೆ ಹಾಕಿಕೊಂಡು ಅರ್ಧ ಡಬ್ಬಿ ಖಾಲಿ ಮಾಡಿದವನು ನಾನೇ. ಅವಳು ಯಾಕೆ ಅತ್ತಳೆಂದು ಕೇಳಿರಲಿಲ್ಲ. ಕದಂಬರ ಬಗ್ಗೆ ಎರಡು ತಾಸು ಮಾತಾಡಬಲ್ಲ ನನಗೆ ಮನೆಯ ಡಬ್ಬಿಯೊಳಗಿನ ಗಡಿ ಕಂಡಿರಲಿಲ್ಲ.

"ಅಕ್ಕನ ಉಂಡಿ ಒಡದ್ನ?" ಗಂಗವ್ವನವರ ದನಿಯೇ ಬದಲಾಯಿತು. "ನಮ್ಮಕ್ಕನ ಉಂಡಿ?"

"ಹೂಂ. ಈ ಕಾಗದದಾಗ ಆ ನಾಕಾ ತಗೀರಿ ಅಂತ ಬರದೈತಿ. ಹೊಲದ ಬೇಲಿ ಅಲ್ಲ. ಅವ್ವಗ ಮಗಳಿಗೆ ನಡುವ ಹಾಕಿದ ಬೇಲಿ. ನಾ ಪ್ರತಿ ಅಕ್ಷರ ಓದೇನಿ. ನಿನ್ನ ಹೊಲಾ ಎಲ್ಲೂ ಹೋಗಂಗಿಲ್ಲ."

"ಎಲ್ಲೈತಿ ಮಸಿ?" ಎಂದರು ಗಂಗವ್ವ. ಡಬ್ಬಿಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡು ಹೆಬ್ಬೆಟ್ಟನ್ನು ಎಷ್ಟು ಜೋರಾಗಿ ಒತ್ತಿದರೆಂದರೆ ಗುರುತು ಕೆಳಗಿನ ಹಾಳೆಗೂ ಇಳಿಯಿತು. ಮೊದಲು ಒತ್ತಿದವರು, ತಿಳಿದು ಒತ್ತುವುದೇ ಬೇರೆ ಎಂದು ಇನ್ನೊಮ್ಮೆ ಒತ್ತಿದರು. ಆಡೂರಿನಿಂದ ಹೊಸದಾಗಿ ಬಂದ ಸೊಸೆಯೊಬ್ಬಳು ತಾನು ಸಹಿಯನ್ನೇ ಮಾಡುತ್ತೇನೆಂದು ನನ್ನ ಪೆನ್ನು ಇಸಿದುಕೊಂಡಳು. ಆ ಪೆನ್ನು ನನಗೆ ಮರಳಿ ಬರಲಿಲ್ಲ.

ಸೋಮವಾರ ಸಮಿತಿಯ ಮುಂದೆ ಹಾಳೆಗಳ ಕಟ್ಟನ್ನು ಇಟ್ಟು, ಬಿಂದಪ್ಪನ ಕಡೆ ತಿರುಗಿ, ವಕೀಲಿ ಯಾವಾಗ ಬಿಡುತ್ತೀ ಎಂದು ಕೇಳಿದೆ. ಅವನು ವಕೀಲನೇ ತಾನೆ! ಸಾಕ್ಷಿಗೆ ಶಾರದೆಯನ್ನು ಕರೆಸಿದ.

"ವೈನಿ, ಖರೆ ಹೇಳ್ರಿ. ಹೆಬ್ಬೆಟ್ಟ ಸಿನಿಮಾ ನೋಡಿದ ಮ್ಯಾಲೆ ಒತ್ತಿದ್ರೋ, ಸಿನಿಮಾದಿಂದ ಒತ್ತಿದ್ರೋ?"

ನಾನು ಕಣ್ಣಿನಲ್ಲೇ ಅಂಗಲಾಚಿದೆ. ಅವಳು ನನ್ನನ್ನು ಒಮ್ಮೆ ನೋಡಿ, "ಉಂಡಿಯಿಂದ ಒತ್ತಿದ್ರು," ಎಂದಳು.

ಸಹಿಗಳನ್ನು ತಂದವರು ಶಾರದಾಬಾಯಿಯವರು ಎಂದು ಸಮಿತಿ ಠರಾವು ಮಾಡಿತು. ಅವಳು ತನಗೆ ಇಂಗ್ಲಿಷ್ ಬರುವುದಿಲ್ಲವೆಂದು ಆ ಗೌರವವನ್ನು ಬಿಂದಪ್ಪನಿಗೆ ಬಿಟ್ಟುಕೊಟ್ಟಳು, ಉಂಡಿಯ ಸಂಗತಿಯನ್ನು ಅರ್ಜಿಯಲ್ಲಿ ಸೇರಿಸಬೇಕೆಂಬ ಕರಾರಿನ ಮೇಲೆ. ಬಿಂದಪ್ಪ ಆಯೋಗದ ಮುಂದೆ ನನ್ನ ಕೋಟು ಹಾಕಿಕೊಂಡು ಓದಿದ. ತೋಳು ಅವನಿಗೆ ಎರಡು ಬೆರಳು ಗಿಡ್ಡವಾಗಿತ್ತು. ನಮಸ್ಕಾರ ಮಾಡಿದ್ದೂ ಸರಿಯಾಗಿರಲಿಲ್ಲ.

ಮುಂದೆ ನಾಡು ಒಂದಾಯಿತು. ಆ ದಿನ ಮುಂಡರಗಿಯಲ್ಲಿ ದೊಡ್ಡ ಸಭೆ. ಶಾಲೆಯ ಕೆಲಸ ಮುಗಿಸಿ ನಾನು ತಡವಾಗಿ ಬಸ್ಸಿಳಿದು, ಬಯಲಿನ ಹಿಂಬದಿಯಿಂದ ಒಳಗೆ ಬಂದೆ. ಎರಡು ಗಳಗಳ ನಡುವೆ ತೆಳ್ಳನೆಯ ಧೋತರ ಕಟ್ಟಿ ಅದರ ಮೇಲೆ ಹೊಸ ನಾಡಿನ ನಕಾಶೆ ಬರೆಸಿದ್ದರು. ಹೆಸರುಗಳನ್ನು ಇನ್ನೂ ಬರೆದಿರಲಿಲ್ಲ, ನೀಲಿ ಬಣ್ಣದ ಸಮುದ್ರ ಮಾತ್ರ ಬಿಸಿಲಿಗೆ ಹೊಳೆಯುತ್ತಿತ್ತು. ನೋಡಿದ ಕೂಡಲೇ ನನ್ನ ರಕ್ತ ಕುದಿಯಿತು. ಸಮುದ್ರ ಪೂರ್ವಕ್ಕಿದೆ!

"ಯಾರ್ರಿ ಇದನ್ನ ಬರದವರು?" ಎಂದು ಗುಡುಗಿದೆ. "ಇಷ್ಟ ವರ್ಷ ಹೋರಾಡಿ ನಾಡು ಪಡದೇವಿ. ಸಮುದ್ರ ಯಾವ ಕಡೆ ಐತಿ ಅಂತ ಗೊತ್ತಿಲ್ಲೇನು? ಒಬ್ಬರಿಗರ ಭೂಗೋಳ ಬರತೈತೋ ಇಲ್ಲೋ?"

ಬಣ್ಣದ ಡಬ್ಬಿ ಹಿಡಿದ ಪೇಂಟರು ಧೋತರದ ಆ ಬದಿಯಿಂದ ಇಣುಕಿ ನನ್ನನ್ನು ನೋಡಿ, ಮತ್ತೆ ಒಳಗೆ ಸರಿದ. ನನ್ನ ಸುತ್ತ ಮೊರದಲ್ಲಿ ಚುರಮರಿ ಹಚ್ಚುತ್ತ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾರದೆಯ ತಾಯಿ ಕುಕನೂರಿನಿಂದ ತಂದ ಅಂಟಿನುಂಡಿಯ ತಾಟು ಅವರ ನಡುವೆ ಇತ್ತು. ಒಂದು ಉಂಡಿಯೂ ಒಡೆದಿರಲಿಲ್ಲ. ಗಂಗವ್ವನವರು ಸೆರಗು ಸರಿಮಾಡಿಕೊಂಡು, ಅಳಿಯನಿಗೆ ಕೊಡಬೇಕಾದ ಮರ್ಯಾದೆಯಲ್ಲಿ ಎಳ್ಳಷ್ಟೂ ಕಡಿಮೆಯಾಗದಂತೆ, ತಾಟನ್ನು ನನ್ನ ಕಡೆ ಸರಿಸಿದರು.

"ಅಳಿಯಂದ್ರ, ನೀವು ಹೆಣ್ಮಕ್ಕಳ ಕಡೆ ನಿಂತೀರಿ. ಬಂದದ್ದ ಬಂದೀರಿ, ಉಂಡಿ ತಿಂದು ಸುಮ್ನ ಕುಂಡ್ರಿ."

ಕೂತೆ.